ಕಿಯಾರಾ: ಎರಡು ಬೇರಿನ ಹೆಸರಿಗೆ ಅಂಟಿಸಿದ ಮೂರನೇ ಅರ್ಥ

ಹೆಣ್ಣುಮಗು ಮೃಗಶಿರಾ ನಕ್ಷತ್ರದ ನಾಲ್ಕನೇ ಪಾದದಲ್ಲಿ ಹುಟ್ಟಿದರೆ ಪಂಚಾಂಗ ಕೊಡುವ ಅಕ್ಷರ ‘ಕೀ’. ಮೂರನೇ ಪಾದಕ್ಕೆ ‘ಕಾ’, ಮೊದಲ ಎರಡಕ್ಕೆ ‘ವೇ’ ಮತ್ತು ‘ವೋ’. ‘ಕಾ’ ಬಂದವರಿಗೆ ತೊಂದರೆಯಿಲ್ಲ. ಕಾವೇರಿ, ಕಾವ್ಯಾ, ಕಾಮಾಕ್ಷಿ, ಕಾತ್ಯಾಯಿನಿ ಎಂದು ಸಾಲು ಬೆಳೆಯುತ್ತದೆ. ‘ಕೀ’ ಬಂದ ಮನೆಯವರ ಪಾಡು ಬೇರೆ. ಕೀರ್ತಿ, ಕೀರ್ತನಾ, ಕಿರಣಾ, ಕಿಶೋರಿ, ಕಿನ್ನರಿ ಎನ್ನುವಷ್ಟರಲ್ಲಿ ನೆನಪಿನ ಪಟ್ಟಿ ಮುಗಿದುಹೋಗುತ್ತದೆ. ಆಗ ಮೊಬೈಲ್ ಕೈಗೆ ಬರುತ್ತದೆ, ಹುಡುಕಾಟ ಶುರುವಾಗುತ್ತದೆ, ಕಿಯಾರಾ ಎದುರಾಗುತ್ತದೆ. ಒಂದು ಪಟ್ಟಿಯಲ್ಲಿ ಅದರ ಅರ್ಥ ‘ಬೆಳಕಿನ ಕಿರಣ’, ಮೂಲ ಸಂಸ್ಕೃತ. ಮತ್ತೊಂದರಲ್ಲಿ ‘ಕಪ್ಪು ಕೂದಲಿನವಳು’, ಮೂಲ ಐರಿಷ್. ಇನ್ನೊಂದರಲ್ಲಿ ‘ಸ್ಪಷ್ಟವಾದದ್ದು, ಹೊಳೆಯುವಂಥದ್ದು’, ಮೂಲ ಇಟಾಲಿಯನ್.

ಬೆಳಕು, ಕಪ್ಪು ಎರಡೂ ಒಂದೇ ಹೆಸರಿನ ಅರ್ಥವಾಗಲು ಹೇಗೆ ಸಾಧ್ಯ? ಒಂದೇ ಹೆಸರಾಗಿದ್ದರೆ ಸಾಧ್ಯವಿಲ್ಲ. ಇವು ಎರಡು ನಾಡಿನ, ಎರಡು ಭಾಷೆಯ, ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಎರಡು ಹೆಸರುಗಳು. ಇಂಗ್ಲಿಷ್ ಬರವಣಿಗೆಯಲ್ಲಿ ಒಂದೇ ರೂಪಕ್ಕೆ ಬಂದು ನಿಂತಿವೆ, ಅಷ್ಟೆ. ಸಂಸ್ಕೃತದ್ದೆನ್ನುವ ಮೂರನೇ ಅರ್ಥಕ್ಕೆ ಬೇರು ಎಂಬುದೇ ಇಲ್ಲ. ಮಗುವಿನ ಹೆಸರಿನ ಅರ್ಥವನ್ನು ಬೆಳ್ಳಿ ಬಟ್ಟಲಿನ ಮೇಲೆ, ನಾಮಕರಣದ ಆಮಂತ್ರಣದ ಮೇಲೆ ಅಚ್ಚು ಹಾಕಿಸುವ ಕಾಲ ಇದು. ಅಚ್ಚು ಹಾಕಿಸುವ ಮುನ್ನ ಆ ಅರ್ಥ ಎಲ್ಲಿಂದ ಬಂತು ಎಂದು ನೋಡುವುದು ಮಗುವಿಗೆ ನಾವು ಸಲ್ಲಿಸಬೇಕಾದ ಗೌರವ.

ಇಟಲಿಯ ಹೆಸರಿನಿಂದ ಶುರುಮಾಡೋಣ. ಲ್ಯಾಟಿನ್‌ನಲ್ಲಿ ‘ಕ್ಲಾರುಸ್’ ಎಂದರೆ ತಿಳಿಯಾದ, ಬೆಳಗುವ, ಹೆಸರುವಾಸಿಯಾದ, ಸ್ತ್ರೀಲಿಂಗದಲ್ಲಿ ‘ಕ್ಲಾರಾ’. ಲ್ಯಾಟಿನ್ ಸವೆದು ಇಟಾಲಿಯನ್ ಆಗುವಾಗ ಒಂದು ಬದಲಾವಣೆ ಕಟ್ಟುನಿಟ್ಟಾಗಿ ನಡೆಯಿತು. ಕಕಾರದ ಒತ್ತಿನಲ್ಲಿದ್ದ ಲಕಾರ ಯಕಾರವಾಯಿತು. ಬೀಗದ ಕೈಗೆ ಲ್ಯಾಟಿನ್‌ನಲ್ಲಿ ‘ಕ್ಲಾವಿಸ್’, ಇಟಾಲಿಯನ್‌ನಲ್ಲಿ ‘ಕ್ಯಾವೆ’. ಕೂಗುವುದಕ್ಕೆ ‘ಕ್ಲಾಮಾರೆ’, ಅದು ‘ಕ್ಯಾಮಾರೆ’ ಆಯಿತು. ಇದೇ ದಾರಿಯಲ್ಲಿ ಕ್ಲಾರಾ ‘ಕ್ಯಾರಾ’ ಆದದ್ದು. ಹೀಗೆ ಒಂದು ಮಾತಲ್ಲ, ಒಂದು ಗುಂಪಿನ ಮಾತುಗಳೆಲ್ಲ ಒಂದೇ ರೀತಿ ಬದಲಾದಾಗ ಮಾತ್ರ ‘ಇದು ಅದರಿಂದ ಬಂದದ್ದು’ ಎಂದು ಧೈರ್ಯವಾಗಿ ಹೇಳಬಹುದು. ಅದೇ ‘ಕ್ಲಾವಿಸ್’ ಪೋರ್ಚುಗೀಸರ ಬಾಯಲ್ಲಿ ‘ಚಾವೆ’ ಆಗಿ, ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, ಇವತ್ತು ಹುಬ್ಬಳ್ಳಿ–ಧಾರವಾಡದ ಮನೆಗಳಲ್ಲಿ ಚಾವಿಯಾಗಿ ಗೂಟಕ್ಕೆ ತೂಗುತ್ತಿದೆ. ಕಿಯಾರಾ ಹೆಸರಿನ ಮೊದಲ ಅಕ್ಷರ ಹೇಗೆ ಹುಟ್ಟಿತೋ ನಮ್ಮ ಚಾವಿಯ ಮೊದಲ ಅಕ್ಷರವೂ ಅಂಥದೇ ಸವೆತದಿಂದ ಹುಟ್ಟಿದ್ದು.

ಈ ಹೆಸರನ್ನು ಇಟಲಿಯಾಚೆಗೂ ಬೆಳಗಿಸಿದವಳು ಅಸೀಸಿಯ ಸಂತ ಕ್ಯಾರಾ. 1194ರಲ್ಲಿ ಹುಟ್ಟಿ 1253ರಲ್ಲಿ ತೀರಿಕೊಂಡವಳು. ಸಂತ ಫ್ರಾನ್ಸಿಸ್‌ನ ದಾರಿ ಹಿಡಿದು ಸಿರಿವಂತ ಮನೆ ಬಿಟ್ಟು ಹೊರಟಳು. ಬಡತನವನ್ನೇ ವ್ರತವಾಗಿಸಿಕೊಂಡ ಸನ್ಯಾಸಿನಿಯರ ಪಂಗಡವೊಂದು ಅವಳಿಂದ ಬೆಳೆಯಿತು. ಬಸುರಿಯಾಗಿದ್ದಾಗ ತಾಯಿ ಓರ್ತೊಲಾನಾಗೆ ‘ಲೋಕಕ್ಕೆ ಬೆಳಕಾಗುವ ಮಗು ಹುಟ್ಟುತ್ತದೆ’ ಎಂಬ ದನಿ ಕೇಳಿಸಿತೆಂದೂ ಅದಕ್ಕೇ ಈ ಹೆಸರಿಟ್ಟಳೆಂದೂ ಅವಳ ಚರಿತ್ರೆಯಲ್ಲಿ ಐತಿಹ್ಯವಿದೆ. 1255ರಲ್ಲಿ ನಾಲ್ಕನೇ ಅಲೆಕ್ಸಾಂಡರ್ ಪೋಪ್ ಅವಳನ್ನು ಸಂತಳೆಂದು ಘೋಷಿಸಿದ ಶಾಸನಪತ್ರದ ಮೊದಲ ಮಾತುಗಳೇ ‘ಕ್ಲಾರಾ ಕ್ಲಾರಿಸ್ ಪ್ರೆಕ್ಲಾರಾ’. ಹೆಸರನ್ನೇ ಮೂರು ಬಾರಿ ಹೊರಳಿಸಿ ಹೊಗಳಿದ ಸಾಲು ಅದು. ಹಾಸಿಗೆ ಹಿಡಿದಿದ್ದ ಆಕೆಗೆ ದೂರದ ಪೂಜೆ ಗೋಡೆಯ ಮೇಲೆ ಕಾಣಿಸಿತೆಂಬ ಕಥೆಯ ಆಧಾರದಲ್ಲಿ 1958ರಲ್ಲಿ ಹನ್ನೆರಡನೇ ಪಯಸ್ ಪೋಪ್ ಅವಳನ್ನು ದೂರದರ್ಶನ ಮಾಧ್ಯಮದ ಪಾಲಕ ಸಂತಳನ್ನಾಗಿ ಮಾಡಿದರು.

ಕ್ಲಾರಾ, ಕ್ಲೇರ್, ಕ್ಯಾರಾ ಮೂವರೂ ಒಂದೇ ಬಳ್ಳಿಯ ಹೂಗಳು. ಮಂಗಳೂರು ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಹಿರಿಯ ತಲೆಮಾರಿನ ಕ್ಲಾರಾಬಾಯಿಯರ ಹೆಸರು ಇದೇ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಕೆಲಸಕ್ಕಿರುವ ಕನ್ನಡಿಗರ ವಿಳಾಸದಲ್ಲೂ ಇದೇ ಸಂತಳಿದ್ದಾಳೆ. 1777ರಲ್ಲಿ ಸ್ಪ್ಯಾನಿಷ್ ಪಾದ್ರಿಗಳು ಅಲ್ಲಿ ಕಟ್ಟಿದ ಧರ್ಮಕೇಂದ್ರಕ್ಕೆ ಅಸೀಸಿಯ ಕ್ಲಾರಾಳ ಹೆಸರಿಟ್ಟರು, ಊರಿಗೂ ಅದೇ ನಿಂತಿತು. ಚಿತ್ರಕಲೆಯಲ್ಲಿ ನೆರಳು–ಬೆಳಕಿನ ತೀವ್ರ ವೈದೃಶ್ಯಕ್ಕೆ ಹೇಳುವ ‘ಕಿಯಾರೊಸ್ಕೂರೊ’ದಲ್ಲಿನ ಮೊದಲರ್ಧವೂ ಈ ‘ಕ್ಯಾರೊ’, ಅಂದರೆ ಬೆಳಕು.

ಇನ್ನು ಐರ್ಲೆಂಡಿಗೆ ಬರೋಣ. ಐರಿಷ್ ಭಾಷೆಯಲ್ಲಿ ‘ಕಿಅರ್’ ಎಂದರೆ ಕಪ್ಪು, ಕಡುಗಂದು. ಮೈಬಣ್ಣಕ್ಕೂ ಕೂದಲಿಗೂ ಹೇಳುತ್ತಿದ್ದರು. ಇದಕ್ಕೆ ಚಿಕ್ಕದೆನ್ನುವ ಪ್ರತ್ಯಯ ಸೇರಿದರೆ ‘ಕಿಅರಾನ್’, ನಮ್ಮ ‘ಕರಿಯ’ ಎನ್ನುವಂಥ ಅಕ್ಕರೆಯ ಗಂಡು ಹೆಸರು. ಶ್ಯಾನನ್ ನದಿಯ ದಂಡೆಯಲ್ಲಿ ಕ್ಲಾನ್‌ಮಕ್‌ನಾಯ್ಸ್ ಮಠವನ್ನು ಕಟ್ಟಿದ 6ನೇ ಶತಮಾನದ ಸಂತ ಕಿಅರಾನ್ ಇವರಲ್ಲಿ ದೊಡ್ಡ ಹೆಸರು. ಇಂಗ್ಲಿಷಿನಲ್ಲಿ ಕೀರನ್ ಎಂದು ಬರೆಯುವುದು ಇದನ್ನೇ. ಐರ್ಲೆಂಡಿನ ನೈಋತ್ಯದ ಕೆರಿ ಜಿಲ್ಲೆಯ ಹೆಸರಿನ ಅರ್ಥವೂ ‘ಕಿಅರ್ ಎಂಬಾತನ ಸಂತತಿಯವರು’. ಸ್ತ್ರೀಲಿಂಗ ರೂಪ ‘ಕಿಅರಾ’. ಬಾಯಿಮಾತಿನಲ್ಲಿ ಅದು ಹೆಚ್ಚುಕಡಿಮೆ ‘ಕೀರಾ’ ಎಂದೇ ಕೇಳಿಸುತ್ತದೆ.

ಕಾಗುಣಿತದ ಗೋಜಲು ಶುರುವಾಗುವುದು ಇಲ್ಲಿಂದ. ಐರಿಷರ ಸಾಂಪ್ರದಾಯಿಕ ವರ್ಣಮಾಲೆಯಲ್ಲಿ ಹದಿನೆಂಟೇ ಅಕ್ಷರ, ‘ಕೆ’ ಅದರಲ್ಲಿ ಇಲ್ಲ. ಕಕಾರಕ್ಕೆ ಅವರು ಬಳಸುವುದು ‘ಸಿ’. ಮುಂದೆ ಯಾವ ಸ್ವರ ಬಂದರೂ ಅದು ಕಕಾರವೇ, ಸಕಾರವಾಗುವುದಿಲ್ಲ. ಹಾಗಾಗಿ ಅವರ ಹುಡುಗಿ ಸಿ–ಐ–ಎ–ಆರ್–ಎ. ಇಟಲಿಯ ಹುಡುಗಿ ಸಿ–ಎಚ್–ಐ–ಎ–ಆರ್–ಎ. ಇಟಾಲಿಯನ್‌ನಲ್ಲಿ ‘ಐ’ ಮುಂದಿರುವ ಬರಿಯ ‘ಸಿ’ ಚಕಾರವಾಗಿಬಿಡುತ್ತದೆ, ಅದನ್ನು ತಡೆದು ಕಕಾರ ಉಳಿಸಲೆಂದೇ ನಡುವೆ ‘ಎಚ್’ ಇಡುತ್ತಾರೆ. ಇಂಗ್ಲಿಷ್ ಓದಿದ ಕಣ್ಣಿಗೆ ಐರಿಷ್ ಹೆಸರು ‘ಸಿಯಾರಾ’ ಆಗುತ್ತದೆ, ಇಟಾಲಿಯನ್ ಹೆಸರು ‘ಚಿಯಾರಾ’ ಆಗುತ್ತದೆ. ಎರಡೂ ತಪ್ಪು. ಸಿ–ಐ–ಎ–ಆರ್–ಎ ಎಂಬ ಬರಹಕ್ಕೆ ಅಮೆರಿಕದಲ್ಲಿ ಇನ್ನೊಂದು ಜನ್ಮವೂ ಆಗಿದೆ. ರೆವ್ಲಾನ್ ಕಂಪನಿ 1973ರಲ್ಲಿ ಆ ಹೆಸರಿನ ಸುಗಂಧದ್ರವ್ಯ ತಂದಿತು, ಉಚ್ಚಾರ ‘ಸಿಯೆರಾ’ಕ್ಕೆ ಹತ್ತಿರ. 1985ರಲ್ಲಿ ಹುಟ್ಟಿದ ಅಮೆರಿಕನ್ ಗಾಯಕಿಯೊಬ್ಬಳ ಹೆಸರು ಆ ಸೀಸೆಯಿಂದಲೇ ಬಂದದ್ದು. ಐರ್ಲೆಂಡಿನ ಕಪ್ಪಾಗಲಿ ಇಟಲಿಯ ಬೆಳಕಾಗಲಿ ಅವಳ ಹೆಸರಿಗೆ ನೇರವಾಗಿ ತಾಗಿಲ್ಲ.

‘ಕೆ’ಯಿಂದ ಶುರುವಾಗುವ ಕಿಯಾರಾ ಹೀಗಾಗಿ ಐರಿಷ್ ಕಾಗುಣಿತವೂ ಅಲ್ಲ, ಇಟಾಲಿಯನ್ ಕಾಗುಣಿತವೂ ಅಲ್ಲ. ಇಂಗ್ಲಿಷ್ ಓದುಗರ ನಾಲಗೆಗೆ ಅನುಕೂಲವಾಗಲೆಂದು ಮೂಡಿದ ಮೂರನೇ ರೂಪ ಅದು. ಉಚ್ಚಾರದಲ್ಲಿ ಇಟಲಿಗೆ ಹತ್ತಿರ, ಬರಹದಲ್ಲಿ ಎರಡಕ್ಕೂ ದೂರ. ಯಾರಾದರೂ ಈ ರೂಪಕ್ಕೆ ಒಂದೇ ಅರ್ಥ ಹೇಳಿ ಕೈತೊಳೆದುಕೊಂಡರೆ ಅವರು ಅರ್ಧ ಮಾತ್ರ ಹೇಳಿದ್ದಾರೆ ಎಂದೇ ಲೆಕ್ಕ.

ಕೀರಾ ಅಥವಾ ಕಿರಾ ಎಂಬ ಇನ್ನೊಂದು ಹೆಸರೂ ಈ ಗುಂಪಿನಲ್ಲಿ ಕಲಸಿಕೊಂಡಿದೆ. ರಷ್ಯಾದ ‘ಕಿರಾ’ಗೂ ಮೇಲಿನ ಎರಡಕ್ಕೂ ಸಂಬಂಧವಿಲ್ಲ. ಅದು ‘ಕಿರ್’ ಎಂಬ ಗಂಡು ಹೆಸರಿನ ಸ್ತ್ರೀರೂಪ, ಆ ಕಿರ್ ಎಂದರೆ ಪರ್ಷಿಯಾದ ದೊರೆ ಸೈರಸ್. ಗ್ರೀಕ್‌ನಲ್ಲಿ ಒಡತಿ, ಅಮ್ಮಾವ್ರು ಎನ್ನುವ ಅರ್ಥದ ‘ಕಿರಿಯಾ’ ಎಂಬ ಮಾತೂ ಇದೆ. ಕೆ–ವೈ–ಆರ್–ಎ ಎಂದು ಬರೆಯುವ ಕಿರಾಳಿಗೆ ಆ ಮೂಲ ಹೇಳುತ್ತಾರೆ. ಹೆಸರುಗಳು ಹೇಗೆ ಹಳಿ ಬದಲಿಸುತ್ತವೆ ಎನ್ನುವುದಕ್ಕೆ ನಟಿ ಕೀರಾ ನೈಟ್ಲಿ ಉದಾಹರಣೆ. ಸೋವಿಯತ್ ಸ್ಕೇಟಿಂಗ್ ಪಟು ಕಿರಾ ಇವಾನೊವಾ ಹೆಸರನ್ನು ತಂದೆ ಬಯಸಿದ್ದರು. ನೋಂದಣಿಯಲ್ಲಿ ತಾಯಿ ಬರೆದ ಕಾಗುಣಿತದಲ್ಲಿ ‘ಇ’ ಮತ್ತು ‘ಐ’ ಅದಲುಬದಲಾಗಿ ಇವತ್ತಿನ ರೂಪ ಬಂತು. ನೋಡುವವರಿಗೆ ಅದು ಐರಿಷ್ ಹೆಸರಿನಂತೆ ಕಾಣುತ್ತದೆ.

ಕನ್ನಡದ ಕಿವಿಗೆ ಮಾತ್ರ ಐರಿಷ್ ಉಚ್ಚಾರ ಬೇರೆಯೇ ನೆನಪು ತರುತ್ತದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಕೀರ ಎಂದರೆ ಗಿಳಿ. ಸದ್ದು ಒಂದೇ, ವಂಶ ಬೇರೆ. ‘ಐರಿಷ್ ಕೀರಾ ನಮ್ಮ ಕೀರದಿಂದಲೇ ಬಂದದ್ದು’ ಎಂದು ಯಾರಾದರೂ ಬರೆದರೆ ಅದೂ ಇಂಥದ್ದೇ ಕಟ್ಟುಕಥೆ. ಆದರೆ ‘ಗಿಳಿ’ ಎಂಬ ಅರ್ಥದಲ್ಲೇ ಮಗಳಿಗೆ ಕೀರಾ ಎಂದು ಹೆಸರಿಟ್ಟರೆ ಅದಕ್ಕೆ ನಿಘಂಟಿನ ಆಸರೆ ಇದೆ. ನಾಲ್ಕನೇ ಪಾದದ ‘ಕೀ’ ಅಕ್ಷರವೂ ದೀರ್ಘವಾಗಿಯೇ ಕೂರುತ್ತದೆ. ‘ಕೀ’ ಹುಡುಕುವವರು ಇದನ್ನು ಯಾಕೆ ಕಡೆಗಣಿಸಿದ್ದಾರೋ ತಿಳಿಯದು.

ಭಾರತಕ್ಕೆ ಕಿಯಾರಾ ಬಂದ ದಾರಿ ಸಿನಿಮಾದ್ದು. 1998ರಲ್ಲಿ ಡಿಸ್ನಿ ತಂದ ಸಿಂಹರಾಜನ ಕಥೆಯ ಎರಡನೇ ಭಾಗದಲ್ಲಿ ಸಿಂಬಾನ ಮಗಳ ಹೆಸರು ಕಿಯಾರಾ. ಆ ಕಥೆಯ ಸಿಂಬಾ, ರಫೀಕಿ ಸ್ವಾಹಿಲಿ ಮಾತುಗಳು: ಸಿಂಹ, ಗೆಳೆಯ. ಅವರ ಪಕ್ಕದಲ್ಲಿ ನಿಂತದ್ದಕ್ಕೆ ಕಿಯಾರಾಳಿಗೂ ‘ಆಫ್ರಿಕನ್’ ಎಂಬ ಚೀಟಿ ಅಂಟಿತು. 2010ರ ಹಿಂದಿ ಚಿತ್ರ ‘ಅಂಜಾನಾ ಅಂಜಾನಿ’ಯಲ್ಲಿ ಪ್ರಿಯಾಂಕಾ ಚೋಪ್ರಾ ಮಾಡಿದ ಪಾತ್ರಕ್ಕೆ ಇದೇ ಹೆಸರು. ಆಲಿಯಾ ಅಡ್ವಾಣಿ ಎಂಬ ಯುವತಿ ಚಿತ್ರರಂಗಕ್ಕೆ ಬರುವಾಗ, ಅದೇ ಹೆಸರಿನ ಮತ್ತೊಬ್ಬ ನಟಿ ಆಗಲೇ ಇದ್ದುದರಿಂದ, ಆ ಪಾತ್ರದ ಹೆಸರನ್ನು ತನ್ನದಾಗಿಸಿಕೊಂಡರು. 2014ರಲ್ಲಿ ಅವರ ಮೊದಲ ಚಿತ್ರ ಬಂತು. ಈಗ ನಮ್ಮ ಅಂಗನವಾಡಿಗಳಲ್ಲಿ, ಎಲ್‌ಕೆಜಿ ತರಗತಿಗಳಲ್ಲಿ ಕೇಳಿಸುವ ಕಿಯಾರಾಗಳಿಗೆ ಅಸೀಸಿಯ ಸಂತಳಿಗಿಂತ ಈ ನಟಿಯೇ ಹತ್ತಿರದ ಮೂಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇಷ್ಟಪಟ್ಟ ನಟನಟಿಯರ ಹೆಸರನ್ನು ಮಕ್ಕಳಿಗಿಡುವುದು ಕನ್ನಡನಾಡಿನಲ್ಲಿ ಹೊಸದಲ್ಲ. ತೊಂದರೆ ಇರುವುದು ಇದಕ್ಕೆ ‘ವೇದಕಾಲದ ಸಂಸ್ಕೃತ ಹೆಸರು’ ಎಂಬ ಬಣ್ಣ ಬಳಿಯುವುದರಲ್ಲಿ.

ಆ ಬಣ್ಣವನ್ನು ಕೆರೆದು ನೋಡುವುದು ಕಷ್ಟವಲ್ಲ. ಮೊದಲು ಹೆಸರನ್ನು ಕನ್ನಡ ಅಥವಾ ದೇವನಾಗರಿ ಲಿಪಿಯಲ್ಲಿ ಹ್ರಸ್ವ–ದೀರ್ಘ ಸರಿಯಾಗಿ ಬರೆದುಕೊಳ್ಳಬೇಕು. ಆಮೇಲೆ ನಿಘಂಟು. ಸಂಸ್ಕೃತಕ್ಕೆ 1899ರ ಮೋನಿಯರ್ ವಿಲಿಯಮ್ಸ್ ಮತ್ತು ಆಪ್ಟೆ ನಿಘಂಟುಗಳು ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಕನ್ನಡಕ್ಕೆ 1894ರ ಕಿಟೆಲ್ ಇದೆ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ. ನಿಘಂಟಿನಲ್ಲಿ ಸಿಗದಿದ್ದರೆ ಧಾತು ಕೇಳಬೇಕು. ‘ಕಿರಣ’ಕ್ಕೆ ಧಾತು ಇದೆ: ಚೆಲ್ಲು, ಹರಡು ಎನ್ನುವ ಅರ್ಥದ ‘ಕೄ’. ಅದರಿಂದ ‘ಕಿರತಿ’, ಅದರಿಂದ ‘ಕಿರಣ’. ಆದರೆ ‘ಕಿರ’ದ ನಡುವೆ ‘ಯಾ’ ತೂರಿಸಿ ‘ಕಿಯಾರಾ’ ಮಾಡುವ ಸೂತ್ರ ಯಾವ ವ್ಯಾಕರಣದಲ್ಲೂ ಇಲ್ಲ. ‘ಕಿ’ಗೆ ‘ಆರಾ’ ಸೇರಿಸಿದೆವು ಎನ್ನುತ್ತೀರಾ? ಸಂಸ್ಕೃತದಲ್ಲಿ ಇಕಾರದ ಮುಂದೆ ಆಕಾರ ಬಂದರೆ ಯಣ್ ಸಂಧಿಯಾಗುತ್ತದೆ, ‘ಅತಿ’ಗೆ ‘ಆಸೆ’ ಸೇರಿ ‘ಅತ್ಯಾಸೆ’ ಆದಂತೆ. ಹಾಗೆ ಮಾಡಿದರೂ ಅರ್ಥ ಕೊಡುವ ಮಾತು ಹುಟ್ಟುವುದಿಲ್ಲ. ಸದ್ದಿನಲ್ಲಿ ಹತ್ತಿರ ಬರುವ ದೇಶಿ ಮಾತೊಂದು ಹಿಂದಿಯಲ್ಲಿದೆ, ‘ಕಿಯಾರಿ’ ಅಂದರೆ ಹೂವಿನ ಪಾತಿ. ನೀರು ನಿಲ್ಲಿಸಿದ ಗದ್ದೆಗೆ ಸಂಸ್ಕೃತದಲ್ಲಿ ಹೇಳುವ ‘ಕೇದಾರ’ ಸವೆದು ಬಂದ ಮಾತು ಅದು. ಚೆಂದದ ಅರ್ಥವೇ. ಆದರೂ ಕಿಯಾರಾ ಅದರಿಂದ ಬಂದದ್ದಲ್ಲ.

ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ನಮ್ಮ ಪಟ್ಟಿಗಳಲ್ಲಿ ಇಟಲಿಯ ‘ಬೆಳಕು’ ಮುಂದೆ ಬಂದು ಐರ್ಲೆಂಡಿನ ‘ಕಪ್ಪು’ ಹಿಂದೆ ಸರಿಯುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ‘ಕಪ್ಪು’ ಎಂದು ನೇರವಾಗಿ ಹೇಳಲು ಹಿಂಜರಿದು ‘ಕಪ್ಪು ಕೂದಲಿನ ಚೆಲುವೆ’ ಎಂದು ನಯ ಮಾಡುತ್ತಾರೆ. ಮದುವೆಯ ಜಾಹೀರಾತಿನಲ್ಲಿ ‘ಬೆಳ್ಳಗಿನ ವಧು’ ಕೇಳುವ ಸಮಾಜದ ಅಳುಕು ಇದು. ನಮ್ಮ ಹೆಸರಿಡುವ ಪರಂಪರೆಯದ್ದಲ್ಲ. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಮೈಬಣ್ಣದಿಂದ. ಶ್ಯಾಮಲಾ, ಕಾಳಮ್ಮ, ಕರಿಯವ್ವ, ನೀಲಮ್ಮ ಎಂದು ನಮ್ಮ ಹಿರಿಯರು ಮಕ್ಕಳನ್ನು ಬಾಯಿತುಂಬ ಕರೆದರು. ಇನ್ನೊಂದು ಕಡೆ ಗೌರಿ, ಶ್ವೇತಾ, ವಿಮಲಾ, ಉಜ್ವಲಾ ಇದ್ದೇ ಇದ್ದರು. ನಮ್ಮ ಹೆಸರುಗಳಿಗೆ ಹೋಲಿಸುವುದಾದರೆ ಐರಿಷ್ ಕಿಅರಾ ಶ್ಯಾಮಲೆ, ಇಟಾಲಿಯನ್ ಕ್ಯಾರಾ ಉಜ್ವಲೆ. ಎರಡೂ ಮರ್ಯಾದೆಯ ಹೆಸರುಗಳೇ. ಕಪ್ಪನ್ನು ಮರೆಮಾಚಿ ಅರ್ಥ ಬರೆಯುವುದು ಆ ಹೆಸರಿಗೂ ಅನ್ಯಾಯ, ಅದನ್ನು ಹೊತ್ತ ಮಗುವಿನ ಮೈಬಣ್ಣಕ್ಕೂ ಅನ್ಯಾಯ.

ಕಿಯಾರಾ ವಿಚಾರದಲ್ಲಿ ಅರ್ಥ ತಪ್ಪಿದರೂ ಕೇಡಿಲ್ಲ, ಬೆಳಕೋ ಕಪ್ಪೋ ಎರಡೂ ಒಳ್ಳೆಯವೇ. ಎಲ್ಲ ಹೆಸರಿಗೂ ಆ ಅದೃಷ್ಟವಿಲ್ಲ. ‘ಅನಾಯಾ’ ಎಂದು ಈಗ ಜನಪ್ರಿಯವಾಗಿರುವ ಹೆಸರನ್ನು ಅರಬ್ಬಿಯ ‘ಇನಾಯಾ’ಕ್ಕೆ, ಅಂದರೆ ಕಾಳಜಿ, ಆರೈಕೆ ಎನ್ನುವ ಮಾತಿಗೆ, ಜೋಡಿಸುವುದುಂಟು. ಆದರೆ ಅದನ್ನು ಇಂಗ್ಲಿಷಿನಲ್ಲಿ ಬರೆದು, ಮತ್ತೆ ಕನ್ನಡಕ್ಕೆ ತಂದು, ದೀರ್ಘಗಳನ್ನು ಕಳೆದುಕೊಂಡು ‘ಅನಯ’ ಎಂದು ದಾಖಲಿಸಿದರೆ? ಸಂಸ್ಕೃತದಲ್ಲಿ ನಯ ಎಂದರೆ ನೀತಿ. ‘ಅನಯ’ ಎಂದರೆ ಅನೀತಿ, ಕೆಟ್ಟ ನಡತೆ, ದುರದೃಷ್ಟ. ‘ಮೈರಾ’ಗೂ ಸಂಸ್ಕೃತ ಮೂಲ ಕಟ್ಟುತ್ತಾರೆ. ಅದನ್ನು ಇಂಗ್ಲಿಷ್ ಕವಿ ಫಲ್ಕ್ ಗ್ರೆವಿಲ್ (1554–1628) ತನ್ನ ಪ್ರೇಮಕವಿತೆಗಳಿಗಾಗಿ ಕಟ್ಟಿದ ಹೆಸರೆಂದು ಹೆಸರುಗಳ ಚರಿತ್ರೆ ಬಲ್ಲವರು ಹೇಳುತ್ತಾರೆ. ಸಂಸ್ಕೃತದಲ್ಲಿ ಅದಕ್ಕೆ ಹತ್ತಿರದ ಮಾತು ‘ಮೈರೇಯ’, ಅರ್ಥಶಾಸ್ತ್ರ ಹೆಸರಿಸುವ ಒಂದು ಬಗೆಯ ಮದ್ಯ. ಇಂಗ್ಲಿಷ್ ಅಕ್ಷರಗಳಲ್ಲಿ ಹ್ರಸ್ವ–ದೀರ್ಘದ ಭೇದ ನಿಲ್ಲುವುದಿಲ್ಲ. ಹೆಸರಿನ ಆಯ್ಕೆ ಪೂರ್ತಿ ಇಂಗ್ಲಿಷ್ ಕಾಗುಣಿತದಲ್ಲೇ ನಡೆದರೆ ಇಂಥ ಎಡವಟ್ಟು ಆಗುವುದು ಹೀಗೆ.

ಆದ್ದರಿಂದ ಹೆಸರನ್ನು ಮೊದಲು ಕನ್ನಡದಲ್ಲಿ ಬರೆದು ಗಟ್ಟಿಮಾಡಿಕೊಳ್ಳಿ, ಇಂಗ್ಲಿಷ್ ಆಮೇಲೆ. ಇಟಲಿಯ ಉಚ್ಚಾರಕ್ಕೆ ‘ಕ್ಯಾರಾ’ ಎನ್ನುವುದೇ ಹತ್ತಿರ. ಆದರೆ ‘ಖ್ಯಾತಿ’ಯಲ್ಲಿ ಸರಿಯಾಗಿ ಯಾಕಾರ ಹೇಳುವ ನಾವು ‘ಕ್ಯಾಮೆರಾ’, ‘ಕ್ಯಾಂಟೀನ್’ ರೂಢಿಯಾದ ಮೇಲೆ ‘ಕ್ಯಾ’ವನ್ನು ಇಂಗ್ಲಿಷ್ ಸ್ವರವಾಗಿಯೇ ಓದುತ್ತೇವೆ. ಹಾಗಾಗಿ ‘ಕಿಯಾರಾ’ ಎಂದು ಬಿಡಿಸಿ ಬರೆಯುವುದು ಕ್ಷೇಮ. ಕೊನೆಯ ‘ರಾ’ ದೀರ್ಘವೋ ಹ್ರಸ್ವವೋ ಎನ್ನುವುದನ್ನೂ ಆಗಲೇ ತೀರ್ಮಾನಿಸಿ. ಸಂಖ್ಯಾಶಾಸ್ತ್ರ ನಂಬಿ ಇಂಗ್ಲಿಷಿನಲ್ಲಿ ‘ಎ’ ಎರಡು ಹಾಕುವವರು, ನಡುವೆ ‘ವೈ’ ಸೇರಿಸುವವರು ಆ ರೂಪವನ್ನು ಮೊದಲ ದಾಖಲೆಯಲ್ಲೇ ಹಾಕಿಸಬೇಕು, ಶಾಲೆಗೆ ಸೇರಿಸುವಾಗಲ್ಲ.

ಜನನ ನೋಂದಣಿ ಕಾಯ್ದೆ 1969ರದ್ದು. ಮಗು ಹುಟ್ಟಿದ 21 ದಿನಗಳೊಳಗೆ ಜನನದ ಮಾಹಿತಿ ಕೊಡಬೇಕು, ಆದರೆ ಆಗಲೇ ಹೆಸರು ಕೊಡಬೇಕೆಂದೇನಿಲ್ಲ. ಹೆಸರಿಲ್ಲದೆ ನೋಂದಾಯಿಸಿ, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದಾದ ಮೇಲೆ ತಡ ಶುಲ್ಕ ಕೊಟ್ಟು 15 ವರ್ಷದವರೆಗೆ ಅವಕಾಶವಿದೆ. ಆಸ್ಪತ್ರೆಯಲ್ಲಿ ಅರ್ಜಿ ಕೊಟ್ಟ ಗಡಿಬಿಡಿಯಲ್ಲಿ ಹೆಸರು ಹೇಳಿ ಆಮೇಲೆ ಪರದಾಡುವ ಬದಲು ಈ ಸಮಯ ಬಳಸಿಕೊಳ್ಳಿ. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಇದು ಇನ್ನೂ ಮುಖ್ಯ. ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಶಾಲಾ ಪ್ರವೇಶ, ಪಾಸ್‌ಪೋರ್ಟ್, ಆಧಾರ್, ಚಾಲನಾ ಪರವಾನಗಿ ಎಲ್ಲಕ್ಕೂ ಹುಟ್ಟಿದ ದಿನ–ಊರಿನ ಪುರಾವೆಯಾಗಿ ನಿಲ್ಲುವುದು ಜನನ ಪ್ರಮಾಣಪತ್ರ, ಅದರಲ್ಲಿನ ಕಾಗುಣಿತವೇ ಮುಂದಿನವಕ್ಕೆಲ್ಲ ತಾಯಿಬೇರು. ಕರ್ನಾಟಕದ ಪ್ರಮಾಣಪತ್ರದಲ್ಲಿ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ನೀವು ಇಂಗ್ಲಿಷಿನಲ್ಲಿ ಮಾತ್ರ ಬರೆದುಕೊಟ್ಟರೆ ಕನ್ನಡದ ಕಾಲಂ ಟೈಪ್ ಮಾಡುವವರ ಊಹೆಗೆ ಬಿಟ್ಟ ಹಾಗೆ: ಕಿಯರ, ಕೈರಾ, ಕಿಯಾರ, ಯಾವುದೂ ಆಗಬಹುದು. ಎರಡೂ ಲಿಪಿಯಲ್ಲಿ ಬರೆದುಕೊಡಿ, ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕನ್ನಡದ ಸಾಲನ್ನು ಅಕ್ಷರ ಅಕ್ಷರವಾಗಿ ಓದಿ. ಟೈಪಿಂಗ್ ತಪ್ಪನ್ನು ನೋಂದಣಾಧಿಕಾರಿಯೇ ತಿದ್ದಬಹುದು, ಇಟ್ಟ ಹೆಸರನ್ನೇ ಬದಲಿಸುವುದು ಅಷ್ಟು ಸಲೀಸಲ್ಲ. ಆಧಾರ್‌ನಲ್ಲಂತೂ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ.

ಹೊರದೇಶಕ್ಕೆ ಹೋಗುವ ಕುಟುಂಬಗಳು ಮತ್ತೊಂದನ್ನು ತಿಳಿದಿರಬೇಕು. ಡಬ್ಲಿನ್‌ನ ಶಾಲೆಯಲ್ಲಿ ಕಿಯಾರಾಳನ್ನು ‘ಕೀರಾ’ ಎಂದು ಕರೆದರೆ ಅದು ಉಡಾಫೆಯಲ್ಲ, ಅವರಿಗೆ ತಲೆಮಾರುಗಳಿಂದ ಗೊತ್ತಿರುವ ಹೆಸರೇ ಅದು. ಮಿಲಾನ್‌ನಲ್ಲಿ ಉಚ್ಚಾರ ಸರಿಯಿರುತ್ತದೆ, ಕಾಗುಣಿತವನ್ನು ಮಾತ್ರ ಅವರು ಮರೆತು ‘ಸಿ–ಎಚ್’ ಎಂದು ತಿದ್ದಿಬಿಡುವ ಸಂಭವವಿದೆ. ಶಾಲೆಯ ಅರ್ಜಿ, ಆಸ್ಪತ್ರೆಯ ಚೀಟಿ, ವಿಮಾನದ ಟಿಕೆಟ್ ತುಂಬಿಸುವಾಗ ಹೆಸರನ್ನು ಬಾಯಲ್ಲಿ ಹೇಳುವ ಬದಲು ಪಾಸ್‌ಪೋರ್ಟ್ ತೋರಿಸಿ ಬರೆಸುವುದು ಒಳ್ಳೆಯದು.